ಕರೆಂಟಿದ್ದೂ

ನಾಲ್ಕು ಮೇಣದಬತ್ತಿ ಕೊಡಿ, ಅಂದೆ.
ನಿಸಾರ್ ಅಂಗಡಿಯ ಟ್ಯೂಬ್‌ಲೈಟು ನೋಡಿದ,
ಬೀದಿಯ ಕಂಬ ನೋಡಿದ,
ಆಮೇಲೆ ನನ್ನ ಮುಖ.
ಇದೆಯಲ್ಲಕ್ಕಾ ಕರೆಂಟು?
ಇದೆ. ನಾಲ್ಕು ಕೊಡಿ.
ಬೀರುವಿನ ತಲೆ ಮೇಲಿಂದ ಇಳಿಸಿದ ಪೊಟ್ಟಣದಲ್ಲಿ
ಬತ್ತಿಗಳ ಬೆನ್ನು ಬಾಗಿತ್ತು.
ಕೊಳ್ಳುವವರಿಲ್ಲದ ಎಷ್ಟೋ ಬೇಸಗೆಗಳು
ಅವನ್ನು ಹಾಗೆ ಬಗ್ಗಿಸಿದ್ದವು.

ಮೊದಲೆಲ್ಲ ಮೇಣದಬತ್ತಿ ಅಂದರೆ ಪರೀಕ್ಷೆ.
ಮಾರ್ಚಿ ತಿಂಗಳು, ಕರೆಂಟಿಲ್ಲದ ರಾತ್ರಿ,
ಒಂದೇ ಬತ್ತಿಯ ಸುತ್ತ ಮೂರು ಮಕ್ಕಳು.
ನಾನು ಕತ್ತಲಲ್ಲೇ ಮುದ್ದೆ ತಿರುವುತ್ತಿದ್ದೆ.
ಆ ಬೆಳಕಿನಲ್ಲಿ ನನಗೆ ಪಾಲು ಸಿಕ್ಕಿದ್ದು
ಬೆಳಿಗ್ಗೆ, ತಟ್ಟೆಗಂಟಿದ ಮೇಣ ಕೆರೆಯುವಾಗ.

ಯಜಮಾನರ ಹೊಸಮನೆ ಗೃಹಪ್ರವೇಶದ ದಿನ
ಅಮ್ಮಾವ್ರು ನೂಲು ತೆಗೆಯೋ ಹೆಂಗಸರನ್ನೆಲ್ಲ ಕರೆದು
ಬಚ್ಚಲು ತೋರಿಸಿದ್ದರು.
ಮಲಗುವಷ್ಟು ಉದ್ದದ ಬಿಳಿ ತೊಟ್ಟಿ,
ಅಂಚಿನುದ್ದಕ್ಕೂ ದಪ್ಪದಪ್ಪ ಮೇಣದಬತ್ತಿ,
ಮಲ್ಲಿಗೆ ವಾಸನೆಯವಂತೆ, ಒಂದಕ್ಕೆ ಮುನ್ನೂರಂತೆ.
ಮನಸ್ಸು ಹಗುರಾಗಲಿ ಅಂತ, ಅಂದರು.
ತೊಟ್ಟಿ ಒಣಗಿತ್ತು. ಟ್ಯಾಂಕರು ವಾರಕ್ಕೊಂದೇ ಸಲ.
ಒಂದು ಬತ್ತಿಯ ತುದಿಯೂ ಕಪ್ಪಾಗಿರಲಿಲ್ಲ.
ಟೈಲ್ಸಿನ ಮೇಲೆ ಬರಿಗಾಲಲ್ಲಿ ಸಾಲು ನಿಂತು
ಚೆನ್ನಾಗಿದೆ, ಅಂದೆವು.
ತಬಸ್ಸುಮ್ ನನ್ನ ಕಿವಿಯಲ್ಲಿ,
ಈ ತೊಟ್ಟೀಲಿ ಒಂದೇ ಸಲಕ್ಕೆ
ಎಷ್ಟು ಕೇಜಿ ಗೂಡು ಬೇಯಿಸಬಹುದೇ?
ನಗು ತಡೆಯಲು ಲಾಡು ಬಾಯಿಗೆ ತುರುಕಿಕೊಂಡೆ.

ಶಿಡ್ಲಘಟ್ಟದಲ್ಲಿ ಬಿಸಿನೀರು ಅಂದರೆ ಕೆಲಸ.
ಏಳು ಗಂಟೆಗೆ ಬೇಸಿನ್ನಿಗೆ ಇಳಿದ ಬೆರಳು
ತೇಲುವ ಗೂಡುಗಳಲ್ಲಿ ಎಳೆಯ ತುದಿ ಹುಡುಕಿ ಹುಡುಕಿ
ಗೆರೆಗಳೆಲ್ಲ ಅಳಿಸಿವೆ.
ರೇಷನ್ ಅಂಗಡಿಯ ಮೆಷಿನ್ನು ಪ್ರತಿ ತಿಂಗಳೂ
ನಾನು ನಾನಲ್ಲ ಅನ್ನುತ್ತದೆ.
ಸಂಜೆ ಹಂಡೆಯ ಮುಂದೆ ಕೂತರೆ ಅದೇ ಆವಿ,
ಬೆಂದ ಹುಳದ ಅದೇ ವಾಸನೆ ಕೂದಲ ಬುಡದಲ್ಲಿ.
ಹತ್ತೊಂಬತ್ತು ವರ್ಷ ನಾನು ಮಿಂದಿಲ್ಲ,
ಬೇಗ ಬೇಗ ನೀರು ಹುಯ್ದುಕೊಂಡು ಎದ್ದು ಬಂದಿದ್ದೇನೆ.

ಇವತ್ತು ಒಲೆ ಹಚ್ಚಲಿಲ್ಲ.
ಮೂರಡಿಗೆ ಐದಡಿ ನಮ್ಮ ಬಚ್ಚಲು,
ತಗಡಿನ ಬಾಗಿಲಿಗೆ ಅಗುಳಿ ಬದಲು ತಂತಿ,
ನಲ್ಲಿಯ ಮೂತಿಗೆ ಬೋರಿನ ನೀರು ಕಟ್ಟಿದ ಸುಣ್ಣದ ಗಡ್ಡ.
ಗೋಡೆಯ ಗೂಡಿನಲ್ಲಿದ್ದ
ಸೋಪಿನ ಚೂರು, ತಲೆಪಿನ್ನು, ಹಲ್ಲು ಮುರಿದ ಬಾಚಣಿಗೆ
ತೆಗೆದು, ಒರಸಿ,
ಮೊದಲನೆಯದನ್ನು ಅಲ್ಲಿ ನಿಲ್ಲಿಸಿದೆ.
ಎರಡನೆಯದು ಬಟ್ಟೆ ಒಗೆವ ಕಲ್ಲಿನ ಮೇಲೆ.
ಮೂರನೆಯದು ಕಿಟಕಿಯೆಂಬ ತೂತಿನಲ್ಲಿ.
ನಾಲ್ಕನೆಯದು ತೀರಾ ಬಾಗಿತ್ತು,
ತೆಂಗಿನ ಚಿಪ್ಪಿಗೆ ಮರಳು ತುಂಬಿ ನೆಟ್ಟೆ.
ಬಲ್ಬು ಆರಿಸಿದೆ.

ಗೋಡೆಯ ಪಾಚಿ ಎಲ್ಲಿ ಹೋಯಿತೋ.
ಬಕೆಟ್ಟಿನೊಳಗೆ ಎರಡು ದೀಪದ ಕುಡಿ,
ಚೊಂಬು ಮುಳುಗಿಸಿದರೆ ಲೆಕ್ಕಕ್ಕೆ ಸಿಗದಷ್ಟು.
ಕೈ ಅದ್ದಿದೆ.
ಏನನ್ನೂ ಹುಡುಕಲಿಲ್ಲ.
ತಣ್ಣೀರು ಬೆರಳ ಸಂದಿನಲ್ಲಿ ಸುಮ್ಮನೆ ಇತ್ತು.

ಬೆಳಕಿಗೆ ಚಿಟ್ಟೆ ಬಂದೀತೆಂದು ಒಳಗೇ ಅಳುಕು,
ಬಂದರೆ ಅದರ ಮುಖ ಹೇಗೆ ನೋಡಲಿ?
ಬಂದದ್ದು ಹಲ್ಲಿ.
ನನ್ನನ್ನು ನೋಡಿ ನಾಚಿಕೊಂಡು
ತಗಡಿನ ಮರೆಗೆ ಸರಿಯಿತು.

ಏನಮ್ಮೀ, ಕರೆಂಟು ಹೋಯ್ತಾ? ಹೊರಗಿನಿಂದ ಅತ್ತೆ.
ಇಲ್ಲತ್ತೆ.
ಬಲ್ಬು ಸುಟ್ಟೋಯ್ತಾ?
ಇಲ್ಲ.
ಮತ್ತೆ?
ಆ ಮತ್ತೆಗೆ ನನ್ನ ಹತ್ತಿರ ಉತ್ತರವಿರಲಿಲ್ಲ.
ಒಂದು ಚೊಂಬು ನೀರು ನಿಧಾನಕ್ಕೆ
ಹೆಗಲ ಮೇಲೆ ಬಿಟ್ಟೆ, ಅವರಿಗೆ ಕೇಳಿಸುವಂತೆ.

ಎಷ್ಟು ಹೊತ್ತಾದರೂ ಬಾಗಿಲ ಕೆಳಗಿನ ಸಂದಿನಲ್ಲಿ
ಅವರ ಕಾಲು ಅಲ್ಲೇ ಇತ್ತು,
ಕಾಲುಂಗುರ ತೆಗೆದ ಬೆರಳಿನ ಬಿಳಿ ಗೆರೆ.
ಅಕ್ಕಯಮ್ಮ. ನನಗಿಂತ ಮೊದಲು
ಅದೇ ಬೇಸಿನ್ನಿನ ಮುಂದೆ ಮೂವತ್ತು ವರ್ಷ.

ಕೆಮ್ಮಿದರು. ಸೆರಗು ಸರಿಮಾಡಿಕೊಂಡ ಸದ್ದು.
ಪೂರ್ತಿ ಉರಿಸಬೇಡ ಕಣಮ್ಮೀ, ಅಂದರು,
ಒಂದರ್ಧ ಉಳಿಸು.